ಎವರೆಸ್ಟ್‌ನ ಬುಡದವರೆಗೆ: ಹೊರಡುವ ಮುನ್ನ ತಿಳಿದಿರಬೇಕಾದದ್ದು



ವಿದೇಶದ ಸಾಹಸ ಪ್ರವಾಸಗಳ ಬಗ್ಗೆ ನಾವು ಸ್ಟುಡಿಯೋದಲ್ಲಿ ನಡೆಸಿದ ಮಾತುಕತೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕಾರ್ಯಕ್ರಮ ಮುಗಿಯಲು ಎರಡೇ ನಿಮಿಷ ಉಳಿದಿದ್ದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಪಿ.ಯು.ಸಿ. ವಿದ್ಯಾರ್ಥಿನಿಯೊಬ್ಬಳು ಕೈಯೆತ್ತಿ ಒಂದು ಪ್ರಶ್ನೆ ಕೇಳಿದಳು.

"ಸರ್, ಮೇಲೆ ಹೋದಾಗ ತಲೆನೋವು ಬಂತು ಅಂತ ಹೇಳಿದರೆ ನನ್ನನ್ನು ಅಲ್ಲಿಂದಲೇ ಕೆಳಗೆ ಕಳಿಸಿಬಿಡ್ತಾರೆ. ಅಪ್ಪ ಅಷ್ಟೊಂದು ದುಡ್ಡು ಖರ್ಚು ಮಾಡಿರ್ತಾರೆ. ಸ್ವಲ್ಪ ತಡ್ಕೊಂಡು, ಯಾರಿಗೂ ಹೇಳದೇ ಇದ್ದರೆ ಏನಾಗುತ್ತೆ?"

ಸಭಿಕರೆಲ್ಲ ನಕ್ಕರು. ಅತಿಥಿಗಳು ಉತ್ತರ ಆರಂಭಿಸುವಷ್ಟರಲ್ಲಿ ಸಮಯ ಮುಗಿಯಿತೆಂದು ಕಂಟ್ರೋಲ್ ರೂಮಿನಿಂದ ಸೂಚನೆ ಕೊಡಬೇಕಾಯಿತು. ಸೂಚನೆ ಕೊಟ್ಟವನು ನಾನೇ. ಆ ಹುಡುಗಿ ಉತ್ತರ ಸಿಗದೆ ಮನೆಗೆ ಹೋದಳು. ಆ ದಿನ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಅತ್ಯಂತ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ. ಅದಕ್ಕೆ ಉತ್ತರ ಕೊಡಲು ಎರಡು ನಿಮಿಷ ಸಾಲದು. ಆದ್ದರಿಂದ ಈ ಪುಟಗಳನ್ನು ಬಳಸಿಕೊಳ್ಳುತ್ತಿದ್ದೇನೆ.

ಉದಾಹರಣೆಗೆ ಒಂದೇ ದಾರಿಯನ್ನು ತೆಗೆದುಕೊಳ್ಳೋಣ. ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ. ನಮ್ಮ ರಾಜ್ಯದ ಕಾಲೇಜು ವಿದ್ಯಾರ್ಥಿಗಳು ಚಿಕ್ಕ ತಂಡಗಳಲ್ಲಿ ಹೋಗಿಬರುವ ವಿದೇಶಿ ಚಾರಣಗಳಲ್ಲಿ ಇದೂ ಒಂದು. ಹಗ್ಗ ಹಿಡಿದು ಬಂಡೆ ಹತ್ತುವ ಕೌಶಲ ಇದಕ್ಕೆ ಬೇಕಿಲ್ಲ. ಆದರೆ ಸರಿಯಾದ ಸಿದ್ಧತೆ ಇಲ್ಲದೆ ಹೋದವರಿಗೆ ಈ ದಾರಿ ಸುಲಭವೂ ಅಲ್ಲ, ಸುರಕ್ಷಿತವೂ ಅಲ್ಲ.

ಯಾವ ದಾರಿ, ಎಷ್ಟು ಎತ್ತರ?

ಕಠ್ಮಂಡುವಿನಿಂದ ಚಿಕ್ಕ ವಿಮಾನದಲ್ಲಿ ಅರ್ಧ ಗಂಟೆಯ ಆಸುಪಾಸಿನ ಪ್ರಯಾಣ ಮಾಡಿದರೆ ಲುಕ್ಲಾ ಎಂಬ ಊರು ಸಿಗುತ್ತದೆ. ಎತ್ತರ 2,860 ಮೀಟರ್. ಇಲ್ಲಿನ ವಿಮಾನ ನಿಲ್ದಾಣವನ್ನು 1964ರಲ್ಲಿ ಎಡ್ಮಂಡ್ ಹಿಲರಿಯವರ ಮುಂದಾಳತ್ವದಲ್ಲಿ ಕಟ್ಟಲಾಯಿತು. 2008ರಿಂದ ಅದಕ್ಕೆ ತೇನ್ಸಿಂಗ್-ಹಿಲರಿ ವಿಮಾನ ನಿಲ್ದಾಣ ಎಂಬ ಹೆಸರಿದೆ. ರನ್‌ವೇ ಉದ್ದ ಕೇವಲ 527 ಮೀಟರ್. ಅದೂ ಇಳಿಜಾರು. ಇಳಿಯುವ ವಿಮಾನ ಏರು ಹತ್ತುತ್ತಾ ವೇಗ ಕಳೆದುಕೊಳ್ಳುತ್ತದೆ, ಹೊರಡುವ ವಿಮಾನ ಇಳಿಜಾರಿನಲ್ಲಿ ವೇಗ ಪಡೆಯುತ್ತದೆ. ಮೋಡ ಕವಿದರೆ ವಿಮಾನಗಳು ಹಾರುವುದೇ ಇಲ್ಲ. ಒಂದೆರಡು ದಿನ ಕಾಯಬೇಕಾಗಿ ಬರುವುದು ಇಲ್ಲಿ ಸಾಮಾನ್ಯ ಸಂಗತಿ. ಆದ್ದರಿಂದ ಪ್ರವಾಸದ ಪಟ್ಟಿಯಲ್ಲಿ ಎರಡು ದಿನವನ್ನಾದರೂ ಖಾಲಿ ಬಿಟ್ಟಿರಬೇಕು. ಇದು ಏಕೆ ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಲುಕ್ಲಾದಿಂದ ಮುಂದೆ ಕಾಲ್ನಡಿಗೆ. ಮೊದಲ ರಾತ್ರಿ ಫಾಕ್ಡಿಂಗ್, 2,610 ಮೀಟರ್. ಆಮೇಲೆ ನಾಮ್ಚೆ ಬಜಾರ್, 3,440 ಮೀಟರ್. ಇಲ್ಲಿ ಎರಡು ರಾತ್ರಿ ತಂಗಬೇಕು. ನಂತರ ಬೌದ್ಧ ವಿಹಾರವಿರುವ ತೆಂಗ್‌ಬೋಚೆ, 3,860 ಮೀಟರ್. ಅಲ್ಲಿಂದ ದಿಂಗ್‌ಬೋಚೆ, 4,410 ಮೀಟರ್. ಇಲ್ಲಿಯೂ ಎರಡು ರಾತ್ರಿ. ಆಮೇಲೆ ಲೊಬುಚೆ, 4,940 ಮೀಟರ್. ಕೊನೆಯ ತಂಗುದಾಣ ಗೊರಕ್ ಶೇಪ್, 5,164 ಮೀಟರ್. ಅಲ್ಲಿಂದ ಬೇಸ್ ಕ್ಯಾಂಪ್‌ಗೆ ಹೋಗಿ ಅದೇ ದಿನ ಹಿಂದಿರುಗಬೇಕು. ಬೇಸ್ ಕ್ಯಾಂಪ್‌ನ ಎತ್ತರ 5,364 ಮೀಟರ್. ಹೋಗಿಬರುವ ದೂರ ಸುಮಾರು 130 ಕಿಲೋಮೀಟರ್, ನಡಿಗೆಯ ಅವಧಿ ಹನ್ನೆರಡು ದಿನ.

ಒಂದು ತಮಾಷೆಯ ಸಂಗತಿ ಇದೆ. ಇಷ್ಟೆಲ್ಲ ನಡೆದು ಬೇಸ್ ಕ್ಯಾಂಪ್ ತಲುಪಿದರೂ ಅಲ್ಲಿಂದ ಎವರೆಸ್ಟ್‌ನ ಶಿಖರ ಕಾಣುವುದಿಲ್ಲ! ಪಕ್ಕದ ಬೆಟ್ಟಗಳ ಹೆಗಲು ಅದನ್ನು ಮರೆಮಾಡಿರುತ್ತದೆ. ಶಿಖರವನ್ನು ಸರಿಯಾಗಿ ನೋಡಬೇಕೆಂದರೆ ಗೊರಕ್ ಶೇಪ್‌ನ ಎದುರಿಗಿರುವ ಕಾಲಾ ಪತ್ಥರ್ ಎಂಬ ಕಪ್ಪು ಗುಡ್ಡವನ್ನು ಹತ್ತಬೇಕು. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಒಟ್ಟಾಗಿ ಪ್ರಕಟಿಸಿದ ಅಳತೆಯ ಪ್ರಕಾರ ಎವರೆಸ್ಟ್‌ನ ಎತ್ತರ 8,848.86 ಮೀಟರ್. ಅಂದರೆ ಬೇಸ್ ಕ್ಯಾಂಪ್‌ನಲ್ಲಿ ನಿಂತವನ ತಲೆಯ ಮೇಲೆ ಇನ್ನೂ ಮೂರೂವರೆ ಕಿಲೋಮೀಟರ್ ಪರ್ವತವಿರುತ್ತದೆ.

ಗಾಳಿ ತೆಳುವಾಗುವುದೆಂದರೇನು?

"ಎತ್ತರದಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ" ಎಂದು ನಾವೆಲ್ಲ ಹೇಳುತ್ತೇವೆ. ಈ ಮಾತು ಪೂರ್ತಿ ಸರಿಯಲ್ಲ. ಮಂಗಳೂರಿನ ಕಡಲ ತೀರದಲ್ಲಿರಲಿ, ಎವರೆಸ್ಟ್‌ನ ತುದಿಯಲ್ಲಿರಲಿ, ಗಾಳಿಯಲ್ಲಿ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ. ಬದಲಾಗುವುದು ವಾಯುವಿನ ಒತ್ತಡ.

ವಾತಾವರಣವನ್ನು ಹತ್ತಿಯ ರಾಶಿಗೆ ಹೋಲಿಸಬಹುದು. ರಾಶಿಯ ತಳದಲ್ಲಿರುವ ಹತ್ತಿ ಮೇಲಿನ ಭಾರಕ್ಕೆ ಒತ್ತಿಕೊಂಡಿರುತ್ತದೆ. ಮೇಲೆ ಹೋದಂತೆ ಸಡಿಲ. ಗಾಳಿಯೂ ಹಾಗೆಯೇ. ಸಮುದ್ರಮಟ್ಟದ ಒತ್ತಡವನ್ನು ನೂರು ಎಂದುಕೊಂಡರೆ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಸುಮಾರು 90. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯಲ್ಲಿ ಸುಮಾರು 80. ನಾಮ್ಚೆಯಲ್ಲಿ 66ರ ಆಸುಪಾಸು. ಬೇಸ್ ಕ್ಯಾಂಪ್‌ನಲ್ಲಿ 53ರ ಹತ್ತಿರ. ಅಲ್ಲಿ ನೀವು ಒಮ್ಮೆ ಉಸಿರೆಳೆದುಕೊಂಡರೆ ಶ್ವಾಸಕೋಶಕ್ಕೆ ಸೇರುವ ಆಮ್ಲಜನಕ ಕಡಲ ತೀರದಲ್ಲಿ ಸೇರುವುದರ ಅರ್ಧದಷ್ಟೇ ಎಂದಾಯಿತು.

ಒತ್ತಡ ಕಡಿಮೆಯಾದಾಗ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಗೊರಕ್ ಶೇಪ್‌ನಲ್ಲಿ ನೀರು ಸುಮಾರು 83 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಅಲ್ಲಿ ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯಿಸಲು ಹೊರಟರೆ ಬಹಳ ಹೊತ್ತು ಕಾಯಬೇಕು. ಆದರೆ ಕುಡಿಯುವ ನೀರಿನ ಬಗ್ಗೆ ಭಯಪಡಬೇಕಿಲ್ಲ. ರೋಗಾಣುಗಳನ್ನು ಕೊಲ್ಲಲು ಆ ಕುದಿತವೂ ಸಾಕು.

ದೇಹ ಹೊಂದಿಕೊಳ್ಳುವ ಬಗೆ

ಇಷ್ಟು ಕಡಿಮೆ ಆಮ್ಲಜನಕದಲ್ಲಿ ಮನುಷ್ಯ ಬದುಕುವುದು ಹೇಗೆ? ನಮ್ಮ ದೇಹಕ್ಕೆ ಹೊಂದಿಕೊಳ್ಳುವ ಶಕ್ತಿ ಇದೆ. ಆದರೆ ಅದಕ್ಕೆ ಸಮಯ ಬೇಕು.

ಮೊದಲು ಉಸಿರಾಟ ಚುರುಕಾಗುತ್ತದೆ, ಹೃದಯ ಬೇಗ ಬಡಿಯುತ್ತದೆ. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ. ಇದರಿಂದ ರಕ್ತ ಕ್ಷಾರೀಯವಾಗುತ್ತದೆ. ಕ್ಷಾರತೆ ಹೆಚ್ಚಾದದ್ದನ್ನು ಕಂಡ ಮೆದುಳು "ಉಸಿರಾಟ ಸಾಕು, ನಿಧಾನಿಸು" ಎಂದು ಆಜ್ಞೆ ಮಾಡುತ್ತದೆ. ಒಂದು ಕಡೆ ಆಮ್ಲಜನಕ ಬೇಕು, ಇನ್ನೊಂದು ಕಡೆ ಉಸಿರಿಗೆ ಕಡಿವಾಣ! ಈ ಇಕ್ಕಟ್ಟನ್ನು ಬಿಡಿಸುವುದು ಮೂತ್ರಪಿಂಡಗಳು. ಅವು ಹೆಚ್ಚುವರಿ ಬೈಕಾರ್ಬನೇಟ್ ಅನ್ನು ಮೂತ್ರದ ಮೂಲಕ ಹೊರಹಾಕಿ ರಕ್ತವನ್ನು ಸಮಸ್ಥಿತಿಯತ್ತ ತರುತ್ತವೆ. ಈ ಕೆಲಸಕ್ಕೆ ಕೆಲವು ದಿನಗಳು ಬೇಕು. ಆಮ್ಲಜನಕ ಸಾಗಿಸುವ ಕೆಂಪು ರಕ್ತಕಣಗಳು ಹೆಚ್ಚಾಗಲು ವಾರಗಳೇ ಬೇಕು.

ಎತ್ತರದಲ್ಲಿ ಮಲಗಿದವರ ಉಸಿರು ರಾತ್ರಿ ಏರುಪೇರಾಗುವುದೂ ಇದೇ ಕಾರಣದಿಂದ. ಪಕ್ಕದಲ್ಲಿ ಮಲಗಿದ ಗೆಳೆಯ ನಾಲ್ಕು ಸಲ ಜೋರಾಗಿ ಉಸಿರೆಳೆದು, ಆಮೇಲೆ ಕೆಲವು ಕ್ಷಣ ಉಸಿರಾಡುವುದನ್ನೇ ನಿಲ್ಲಿಸಿದಂತೆ ಕಾಣಬಹುದು. ಗಾಬರಿಯಾಗಬೇಡಿ. ಎತ್ತರದಲ್ಲಿ ಇದು ಆರೋಗ್ಯವಂತರಲ್ಲೂ ಕಂಡುಬರುತ್ತದೆ.

ಈ ಕಾರಣಗಳಿಂದಲೇ ಪರ್ವತ ವೈದ್ಯರು ಒಂದು ಲೆಕ್ಕ ಹಾಕಿಕೊಟ್ಟಿದ್ದಾರೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿ ಮಲಗಿದ ಜಾಗಕ್ಕೂ ಮರುರಾತ್ರಿ ಮಲಗುವ ಜಾಗಕ್ಕೂ 500 ಮೀಟರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಫಾಕ್ಡಿಂಗ್‌ನಿಂದ ನಾಮ್ಚೆಗೆ ಒಂದೇ ದಿನ 830 ಮೀಟರ್ ಏರುತ್ತೀರಿ. ತೆಂಗ್‌ಬೋಚೆಯಿಂದ ದಿಂಗ್‌ಬೋಚೆಗೆ 550 ಮೀಟರ್. ಈ ಎರಡೂ ಊರುಗಳಲ್ಲಿ ಎರಡೆರಡು ರಾತ್ರಿ ಇರಬೇಕೆಂಬುದು ಇದಕ್ಕಾಗಿ.

ವಿಶ್ರಾಂತಿಯ ದಿನವೆಂದರೆ ಹಾಸಿಗೆಯಲ್ಲಿ ಬಿದ್ದಿರುವ ದಿನವಲ್ಲ. ಹಗಲಿನಲ್ಲಿ ಇನ್ನಷ್ಟು ಎತ್ತರಕ್ಕೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಬೇಕು. ನಾಮ್ಚೆಯಲ್ಲಿರುವವರು ಸುಮಾರು 3,800 ಮೀಟರ್ ಎತ್ತರದ ಖುಮ್‌ಜುಂಗ್ ಹಳ್ಳಿಗೆ ಹೋಗಿಬರಬಹುದು. ಅಲ್ಲಿ ಹಿಲರಿಯವರು 1961ರಲ್ಲಿ ಕಟ್ಟಿಸಿದ ಶಾಲೆ ಇದೆ. ವಿದ್ಯಾರ್ಥಿಗಳು ನೋಡಲೇಬೇಕಾದ ಜಾಗ.

ತಲೆನೋವು ಹೇಳುವುದೇನು?

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಯ ಹತ್ತಿರಕ್ಕೆ ಬಂದೆವು. ದೇಹ ಹೊಂದಿಕೊಳ್ಳುವ ವೇಗಕ್ಕಿಂತ ನಾವು ಹತ್ತುವ ವೇಗ ಹೆಚ್ಚಾದರೆ ಎತ್ತರದ ಕಾಯಿಲೆ ಬರುತ್ತದೆ. ಅದರ ಮೊದಲ ಲಕ್ಷಣ ತಲೆನೋವು. ಜೊತೆಗೆ ಊಟ ಸೇರದಿರುವುದು, ವಾಕರಿಕೆ, ಸುಸ್ತು, ತಲೆಸುತ್ತು ಇರಬಹುದು. ಈ ಹಂತದಲ್ಲಿ ಹೆದರುವ ಕಾರಣವಿಲ್ಲ. ಅಲ್ಲೇ ನಿಂತು ಒಂದೆರಡು ದಿನ ಕಳೆದರೆ ಬಹುಪಾಲು ಮಂದಿಗೆ ತಾನಾಗಿಯೇ ವಾಸಿಯಾಗುತ್ತದೆ. ನಂತರ ಮುಂದಕ್ಕೂ ಹೋಗಬಹುದು.

ಅಪಾಯ ಇರುವುದು ಲಕ್ಷಣಗಳಿದ್ದೂ ಮೇಲೆ ಹತ್ತುವುದರಲ್ಲಿ. ಆಗ ಕಾಯಿಲೆ ಎರಡು ದಾರಿ ಹಿಡಿಯಬಹುದು. ಮೆದುಳಿನಲ್ಲಿ ನೀರು ತುಂಬಿ ಊದಿಕೊಳ್ಳಬಹುದು. ಆಗ ಮನುಷ್ಯ ಕುಡಿದವನಂತೆ ತೂರಾಡುತ್ತಾನೆ, ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇಲ್ಲವೇ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆಗ ಸುಮ್ಮನೆ ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ಕೆಲವೊಮ್ಮೆ ನಸುಗೆಂಪು ನೊರೆ. ಇವೆರಡೂ ಗಂಟೆಗಳ ಲೆಕ್ಕದಲ್ಲಿ ಪ್ರಾಣ ತೆಗೆಯಬಲ್ಲವು. ಇವಕ್ಕೆ ಮುಖ್ಯ ಚಿಕಿತ್ಸೆ ಒಂದೇ. ರಾತ್ರಿಯಾಗಲಿ, ಮಳೆಯಾಗಲಿ, ತಕ್ಷಣ ಕೆಳಗೆ ಇಳಿಸಬೇಕು.

ಮೆದುಳು ಊದಿಕೊಂಡಿರುವ ಶಂಕೆಯಿದ್ದರೆ ಪರೀಕ್ಷಿಸಲು ಯಾವ ಯಂತ್ರವೂ ಬೇಕಿಲ್ಲ. ನೆಲದ ಮೇಲೆ ನೇರ ಗೆರೆಯೊಂದನ್ನು ಊಹಿಸಿಕೊಂಡು, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ನಡೆಯಲು ಹೇಳಿ. ತೂರಾಡಿದರೆ ಚರ್ಚೆ ಬೇಡ, ಇಳಿಯಲು ಆರಂಭಿಸಿ.

ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಯವಾಗಿರುವ ಆಕ್ಸಿಮೀಟರನ್ನು ಕೆಲವರು ಒಯ್ಯುತ್ತಾರೆ. ಒಯ್ಯಿರಿ, ಆದರೆ ಅದರ ಅಂಕಿಯನ್ನೇ ನಂಬಬೇಡಿ. 2021ರಲ್ಲಿ ನಮ್ಮ ಮನೆಗಳಲ್ಲಿ 90ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡುತ್ತಿದ್ದೆವು. 5,000 ಮೀಟರಿನಲ್ಲಿ ಆರಾಮವಾಗಿ ಚಹಾ ಕುಡಿಯುತ್ತಾ ಕುಳಿತವನಿಗೂ ಅದು 80ರ ಆಸುಪಾಸು ತೋರಿಸಬಹುದು. ಯಂತ್ರದ ಅಂಕಿಗಿಂತ ಮನುಷ್ಯ ಹೇಗಿದ್ದಾನೆ ಎಂಬುದೇ ಮುಖ್ಯ.

ಯಾರಿಗೆ ಈ ಕಾಯಿಲೆ ಬರುತ್ತದೆ? ಇದನ್ನು ಮೊದಲೇ ಹೇಳಲು ಬರುವುದಿಲ್ಲ. ಕಾಲೇಜಿನ ಓಟದ ಚಾಂಪಿಯನ್ನನಿಗೆ ಬರಬಹುದು, ಆಟದ ಮೈದಾನದ ಕಡೆ ತಲೆಹಾಕದವನಿಗೆ ಬರದಿರಬಹುದು. ಮೈಕಟ್ಟು ಇದಕ್ಕೆ ರಕ್ಷಣೆಯಲ್ಲ. ವಾಸ್ತವವಾಗಿ ಗಟ್ಟಿಮುಟ್ಟಾದ ಹುಡುಗರು ವೇಗವಾಗಿ ಹತ್ತಿಬಿಡುವುದರಿಂದ ತೊಂದರೆಗೆ ಸಿಕ್ಕುವುದುಂಟು.

ಅಸೆಟಜೋಲಮೈಡ್ ಎಂಬ ಔಷಧಿ ಮೂತ್ರಪಿಂಡಗಳ ಕೆಲಸವನ್ನು ಚುರುಕುಗೊಳಿಸಿ ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ಇದು ಎಲ್ಲರಿಗೂ ಬೇಕಾಗದು, ಎಲ್ಲರಿಗೂ ಒಗ್ಗದು. ಸಲ್ಫಾ ಔಷಧಿಗಳು ಒಗ್ಗದವರು, ಆಸ್ತಮಾ, ಹೃದಯದ ತೊಂದರೆ, ರಕ್ತದ ಕಾಯಿಲೆ ಇರುವವರು ಊರಿನಲ್ಲೇ ವೈದ್ಯರ ಬಳಿ ಎಲ್ಲವನ್ನೂ ಹೇಳಿ ಸಲಹೆ ಪಡೆಯಬೇಕು. ಗೆಳೆಯನ ಚೀಲದಿಂದ ಮಾತ್ರೆ ಕೇಳಿ ನುಂಗಬಾರದು.

ನಾನು ಮಾಡಿದ ತಪ್ಪು

ಇದನ್ನೆಲ್ಲ ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. 2009ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ಐವರು ಗೆಳೆಯರೊಂದಿಗೆ ಇದೇ ದಾರಿಯಲ್ಲಿ ಹೋಗಿದ್ದೆ. ಮೋಡದಿಂದಾಗಿ ಕಠ್ಮಂಡುವಿನಲ್ಲೇ ಎರಡು ದಿನ ಕಳೆದುಹೋಯಿತು. ನಮ್ಮ ಪಟ್ಟಿಯಲ್ಲಿ ಖಾಲಿ ದಿನಗಳಿರಲಿಲ್ಲ. ಹೋದ ದಿನಗಳನ್ನು ಸರಿದೂಗಿಸಲು ದಿಂಗ್‌ಬೋಚೆಯ ವಿಶ್ರಾಂತಿಯನ್ನು ಬಿಟ್ಟುಬಿಡೋಣ ಎಂದು ಹೇಳಿದವನು ನಾನೇ. ನಮ್ಮ ಮಾರ್ಗದರ್ಶಿ ಬೇಡವೆಂದ. ನಾನು ವಾದ ಮಾಡಿ ಗೆದ್ದೆ. ವಿಜ್ಞಾನದ ಪದವೀಧರನಲ್ಲವೇ!

ಅಂದು ಬೆಳಗ್ಗೆಯೇ ನನಗೆ ತಲೆನೋವಿತ್ತು. ಯಾರಿಗೂ ಹೇಳಲಿಲ್ಲ. ಮಾತ್ರೆ ನುಂಗಿ ನಡೆದೆ. ಲೊಬುಚೆ ತಲುಪಿದಾಗ ಊಟ ಬೇಡವಾಯಿತು. "ದಣಿವು ಅಷ್ಟೆ" ಎಂದೆ. ರಾತ್ರಿ ವಾಂತಿಯಾಯಿತು. ಹೊರಗೆ ಹೋಗಲು ಎದ್ದವನಿಗೆ ಬೂಟಿನ ದಾರ ಕಟ್ಟಲು ಬರಲಿಲ್ಲ. ಬೆರಳುಗಳು ದಾರ ಹಿಡಿಯುತ್ತಿದ್ದವು, ಮುಂದೇನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿದ್ದ ಗೆಳೆಯ ನೋಡಿ ಮಾರ್ಗದರ್ಶಿಯನ್ನು ಎಬ್ಬಿಸಿದ. ಅವನು ನನ್ನನ್ನು ಮೊಗಸಾಲೆಯಲ್ಲಿ ಹಿಮ್ಮಡಿಗೆ ಬೆರಳು ತಾಗಿಸಿ ನಡೆಸಿದ. ಮೂರನೆಯ ಹೆಜ್ಜೆಗೆ ಗೋಡೆಗೆ ಬಿದ್ದೆ.

ಬೆಳಗಾಗುವುದನ್ನು ಅವನು ಕಾಯಲಿಲ್ಲ. ತಲೆಗೆ ಕಟ್ಟುವ ದೀಪದ ಬೆಳಕಿನಲ್ಲಿ, ಅವನೂ ಆ ಗೆಳೆಯನೂ ಎರಡು ತೋಳು ಹಿಡಿದು ನನ್ನನ್ನು ಸುಮಾರು ಆರುನೂರು ಮೀಟರ್ ಕೆಳಗಿನ ಫೆರಿಚೆಗೆ ಇಳಿಸಿದರು. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಎಂಬ ಸಂಸ್ಥೆ ಚಾರಣದ ಋತುಗಳಲ್ಲಿ ಅಲ್ಲಿ ಚಿಕಿತ್ಸಾಲಯ ನಡೆಸುತ್ತದೆ. 1973ರಲ್ಲಿ ಆರಂಭವಾದ ಸಂಸ್ಥೆ ಅದು. ಇಳಿಯುತ್ತಾ ಬಂದಂತೆಯೇ ನನ್ನ ತಲೆ ತಿಳಿಯಾಗತೊಡಗಿತು. ಎರಡು ದಿನಗಳಲ್ಲಿ ಚೇತರಿಸಿಕೊಂಡೆ.

ಆದರೆ ಇಲ್ಲಿಗೆ ಕಥೆ ಮುಗಿಯುವುದಿಲ್ಲ. ನನ್ನೊಡನೆ ಇಳಿದ ಗೆಳೆಯನಿಗೆ ಏನೂ ಆಗಿರಲಿಲ್ಲ. ಅವನು ಬೇಸ್ ಕ್ಯಾಂಪ್ ನೋಡಬೇಕೆಂದು ಎರಡು ವರ್ಷ ಹಣ ಕೂಡಿಸಿದ್ದ. ನನ್ನನ್ನು ಬಿಟ್ಟು ಹೋಗಲು ಒಪ್ಪದೆ ಫೆರಿಚೆಯಲ್ಲೇ ಉಳಿದ. ಆಮೇಲೆ ಕೆಲಸ, ಸಂಸಾರ ಎಂದು ಅವನಿಗೆ ಮತ್ತೆ ಹೋಗಲು ಆಗಲೇ ಇಲ್ಲ. ಅವನು ಒಂದು ದಿನವೂ ಇದನ್ನು ಎತ್ತಿ ಆಡಿಲ್ಲ. ನನಗೆ ಮಾತ್ರ ಮರೆಯುವುದಿಲ್ಲ. ದಿಂಗ್‌ಬೋಚೆಯಲ್ಲಿ ಬೆಳಗ್ಗೆ ಒಂದು ಮಾತು ಹೇಳಿದ್ದರೆ ಎಲ್ಲರೂ ಒಂದು ದಿನ ಅಲ್ಲೇ ನಿಲ್ಲುತ್ತಿದ್ದೆವು. ಬಹುಶಃ ಆರು ಮಂದಿಯೂ ಮೇಲೆ ಹೋಗುತ್ತಿದ್ದೆವು.

ತಂಡ ಚಿಕ್ಕದಿರಬೇಕು, ಏಕೆ?

ಆರರಿಂದ ಎಂಟು ವಿದ್ಯಾರ್ಥಿಗಳ ತಂಡ ಒಳ್ಳೆಯದು. ಮೂವತ್ತು ಜನರ ಗುಂಪಿನಲ್ಲಿ ಯಾರು ಊಟ ಬಿಟ್ಟರು, ಯಾರು ಮಾತು ಕಡಿಮೆ ಮಾಡಿದರು ಎಂದು ಯಾರೂ ಗಮನಿಸುವುದಿಲ್ಲ. ಎಂಟು ಜನರಲ್ಲಿ ಗೊತ್ತಾಗುತ್ತದೆ. ತಂಡದೊಡನೆ ಇಬ್ಬರಾದರೂ ಅನುಭವಸ್ಥರು ಇರಲೇಬೇಕು. ಕಾಯಿಲೆಯಾದವರನ್ನು ಒಂಟಿಯಾಗಿ ಕೆಳಗೆ ಕಳಿಸುವಂತಿಲ್ಲ, ಉಳಿದವರನ್ನು ಒಂಟಿಯಾಗಿ ಮೇಲೆ ಬಿಡುವಂತಿಲ್ಲ. ಒಬ್ಬರು ಕೆಳಗೆ ಹೋದರೆ ಇನ್ನೊಬ್ಬರು ಮೇಲಿರಬೇಕು. ಲೆಕ್ಕ ಸರಳವಾಗಿದೆ.

ಊರು ಬಿಡುವ ಮುಂಚೆಯೇ ತಂಡದವರೆಲ್ಲ ಒಂದು ಕಡೆ ಕುಳಿತು ಮೂರು ಒಪ್ಪಂದ ಮಾಡಿಕೊಳ್ಳಿ. ಒಂದು, ತಂಡದ ವೇಗವೆಂದರೆ ಅತ್ಯಂತ ನಿಧಾನವಾಗಿ ನಡೆಯುವವರ ವೇಗ. ಎರಡು, ಪ್ರತಿದಿನ ಬೆಳಗ್ಗೆ ಮತ್ತು ರಾತ್ರಿ ಪ್ರತಿಯೊಬ್ಬರೂ ತಲೆನೋವು, ಊಟ, ನಿದ್ದೆ, ನಡಿಗೆ ಈ ನಾಲ್ಕರ ಬಗ್ಗೆ ಎಲ್ಲರೆದುರು ಹೇಳಬೇಕು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಮೂರು, ಇಳಿಯಬೇಕೆಂದು ಮುಂದಾಳು ಹೇಳಿದರೆ ಅದರ ಮೇಲೆ ವಾದವಿಲ್ಲ. ಮುಂದಾಳು ಮೊದಲು ತನ್ನ ಸ್ಥಿತಿ ಹೇಳಿದರೆ ಚಿಕ್ಕವರಿಗೆ ಹೇಳಲು ಸಂಕೋಚವಾಗುವುದಿಲ್ಲ.

ಮೂರು ತಿಂಗಳ ತಯಾರಿ

ಕರ್ನಾಟಕದಲ್ಲಿ 2,000 ಮೀಟರ್ ಮುಟ್ಟುವ ಶಿಖರವೇ ಇಲ್ಲ. ಆದ್ದರಿಂದ ಎತ್ತರಕ್ಕೆ ಹೊಂದಿಕೊಳ್ಳುವ ಅಭ್ಯಾಸ ಇಲ್ಲಿ ಸಾಧ್ಯವಿಲ್ಲ. ಕಾಲಿಗೆ, ಉಸಿರಿಗೆ, ಮನಸ್ಸಿಗೆ ಅಭ್ಯಾಸ ಖಂಡಿತ ಸಾಧ್ಯ.

ಮೊದಲ ತಿಂಗಳು ವಾರಕ್ಕೆ ಐದು ದಿನ ಮುಕ್ಕಾಲು ಗಂಟೆ ಚುರುಕಾದ ನಡಿಗೆ. ಎರಡನೆಯ ತಿಂಗಳು ಮೆಟ್ಟಿಲು. ಬೆನ್ನಿನ ಚೀಲದಲ್ಲಿ ಐದಾರು ಕಿಲೋ ಅಕ್ಕಿ ತುಂಬಿಕೊಂಡು ಕಾಲೇಜಿನ ಮೆಟ್ಟಿಲುಗಳನ್ನು ಹತ್ತಿ ಇಳಿಯಿರಿ. ನಗುವವರು ನಗಲಿ. ಹತ್ತುವುದರಷ್ಟೇ ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಏಕೆಂದರೆ ಮಂಡಿ ನೋಯುವುದು ಇಳಿಯುವಾಗ. ಮೂರನೆಯ ತಿಂಗಳು ಕುಮಾರ ಪರ್ವತದಂಥ ಉದ್ದನೆಯ ಚಾರಣಕ್ಕೆ ಇಡೀ ತಂಡ ಒಟ್ಟಾಗಿ ಹೋಗಿಬನ್ನಿ. ಯಾರು ದಣಿದಾಗ ಸಿಡುಕುತ್ತಾರೆ, ಯಾರು ನೀರು ಕುಡಿಯಲು ಮರೆಯುತ್ತಾರೆ, ಯಾರು ನೋವು ಮುಚ್ಚಿಡುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಹೊಸ ಬೂಟನ್ನು ಕಠ್ಮಂಡುವಿನಲ್ಲಿ ಕೊಂಡು ಮರುದಿನ ಹಾಕಿಕೊಂಡು ಹೊರಡಬೇಡಿ. ಎರಡು ತಿಂಗಳಾದರೂ ಅದರಲ್ಲಿ ನಡೆದು ಪಳಗಿಸಿರಬೇಕು. ಕಾಲಿನಲ್ಲಿ ಎದ್ದ ಒಂದು ಬೊಬ್ಬೆ ಹನ್ನೆರಡು ದಿನದ ನಡಿಗೆಯನ್ನು ಹಾಳುಮಾಡುತ್ತದೆ.

ಚೀಲದಲ್ಲಿ ಏನಿರಬೇಕು?

ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. 1,400 ಮೀಟರ್ ಎತ್ತರದ ಕಠ್ಮಂಡುವಿನಲ್ಲಿ 20 ಡಿಗ್ರಿ ಇದ್ದರೆ, ಅದಕ್ಕಿಂತ ಸುಮಾರು ನಾಲ್ಕು ಸಾವಿರ ಮೀಟರ್ ಮೇಲಿರುವ ಬೇಸ್ ಕ್ಯಾಂಪ್‌ನಲ್ಲಿ ಎಷ್ಟಿರಬಹುದು? ಲೆಕ್ಕ ಹಾಕಿ. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ! ರಾತ್ರಿ ಇನ್ನೂ ಚಳಿ.

ಒಂದೇ ದಪ್ಪ ಕೋಟಿಗಿಂತ ಮೂರು ಪದರದ ಬಟ್ಟೆ ಮೇಲು. ಮೈಗೆ ತಾಗುವ ಪದರ ಬೆವರನ್ನು ಹೊರಬಿಡಬೇಕು, ನಡುವಿನದು ಬೆಚ್ಚಗಿಡಬೇಕು, ಹೊರಗಿನದು ಗಾಳಿ ಮತ್ತು ನೀರನ್ನು ತಡೆಯಬೇಕು. ನಮ್ಮ ಊರಿಗೆ ಹಿತವಾದ ಹತ್ತಿ ಬಟ್ಟೆ ಅಲ್ಲಿ ಒಳ್ಳೆಯದಲ್ಲ. ಅದು ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿದು ಮೈ ಶಾಖವನ್ನು ಕಸಿಯುತ್ತದೆ. ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ ಇರಲಿ. ಎತ್ತರದಲ್ಲಿ ಅತಿನೇರಳೆ ಕಿರಣಗಳ ತೀವ್ರತೆ ಹೆಚ್ಚು, ಹಿಮದಿಂದ ಪ್ರತಿಫಲಿಸಿ ಇನ್ನೂ ಹೆಚ್ಚಾಗುತ್ತದೆ. ಪಕ್ಕದಿಂದಲೂ ಬೆಳಕು ನುಸುಳದ ಕಪ್ಪು ಕನ್ನಡಕ ಶೋಕಿಗಲ್ಲ, ಕಣ್ಣಿನ ರಕ್ಷಣೆಗೆ.

ನೀರು ಶುದ್ಧೀಕರಿಸುವ ಮಾತ್ರೆ, ತಲೆದೀಪ, ಎರಡು ನೀರಿನ ಬಾಟಲಿ, ಸ್ವಂತ ಔಷಧಿಗಳು, ಮಲಗುವ ಚೀಲ ಇವು ಮರೆಯುವಂತಿಲ್ಲ. ನನ್ನ ವೃತ್ತಿಯಿಂದ ಕಲಿತ ಒಂದು ಉಪಾಯ ಹೇಳುತ್ತೇನೆ. ಚಳಿಗೆ ಬ್ಯಾಟರಿಗಳ ಶಕ್ತಿ ಕುಗ್ಗುತ್ತದೆ. ಕ್ಯಾಮೆರಾ, ಮೊಬೈಲ್‌ಗಳನ್ನು ರಾತ್ರಿ ಮಲಗುವ ಚೀಲದೊಳಗೆ ನಿಮ್ಮ ಜೊತೆಯಲ್ಲೇ ಇಟ್ಟುಕೊಳ್ಳಿ. ಲುಕ್ಲಾ ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಸಾಮಾನಿಗಷ್ಟೇ ಅವಕಾಶ. ಅಮ್ಮ ಕಟ್ಟಿಕೊಡುವ ಚಕ್ಕುಲಿ, ಚಟ್ನಿಪುಡಿಯ ತೂಕವನ್ನೂ ಇದರಲ್ಲೇ ಹೊಂದಿಸಬೇಕು. ಅಂದಹಾಗೆ, ಸಸ್ಯಾಹಾರಿಗಳಿಗೆ ಅಲ್ಲಿ ಊಟದ ಚಿಂತೆಯಿಲ್ಲ. ಅನ್ನ, ಬೇಳೆಸಾರು, ತರಕಾರಿ ಪಲ್ಯದ ದಾಲ್ ಭಾತ್ ದಾರಿಯುದ್ದಕ್ಕೂ ಸಿಗುತ್ತದೆ.

ಕಾಗದಪತ್ರ, ಹಣ, ಗಡಿಯಾರ

ಭಾರತೀಯರಿಗೆ ನೇಪಾಳದ ವೀಸಾ ಬೇಕಿಲ್ಲ. ಆದರೆ ವಿಮಾನದಲ್ಲಿ ಹೋಗುವವರಲ್ಲಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇರಬೇಕು. ಹದಿನೆಂಟು ತುಂಬದವರ ಬಳಿ ಮತದಾರರ ಚೀಟಿ ಇರುವುದಿಲ್ಲವಾದ್ದರಿಂದ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದೇ ಲೇಸು. ಇದಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಿ. ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಪತ್ರ ಮತ್ತು ಸ್ಥಳೀಯ ಆಡಳಿತದ ಪರವಾನಗಿ ದಾರಿಯಲ್ಲೇ ದೊರೆಯುತ್ತವೆ.

ಭಾರತದ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ. 1993ರಿಂದ ಈ ದರ ಬದಲಾಗಿಲ್ಲ. ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳ ಬಗೆಗಿನ ನಿಯಮಗಳು ಆಗಾಗ ಬದಲಾಗಿವೆ. ಹೊರಡುವ ಮುನ್ನ ಬ್ಯಾಂಕಿನಲ್ಲಿ ವಿಚಾರಿಸಿ. ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿಕೊಳ್ಳಿ, ನೇಪಾಳದ ಕಾಲ ನಮ್ಮದಕ್ಕಿಂತ ಅಷ್ಟು ಮುಂದಿದೆ.

ವಿಮೆ ಮಾಡಿಸುವಾಗ ಒಂದು ಪ್ರಶ್ನೆ ಕೇಳಲೇಬೇಕು. "ಎಷ್ಟು ಮೀಟರ್ ಎತ್ತರದವರೆಗೆ? ಹೆಲಿಕಾಪ್ಟರ್ ಖರ್ಚು ಸೇರಿದೆಯೇ?" ಎಷ್ಟೋ ಪ್ರವಾಸ ವಿಮೆಗಳು ಎತ್ತರದ ಚಾರಣವನ್ನು ಹೊರಗಿಟ್ಟಿರುತ್ತವೆ. ಸಣ್ಣ ಅಕ್ಷರಗಳನ್ನು ಅಪ್ಪನ ಜೊತೆ ಕುಳಿತು ಓದಿ.

ಸಮಯದ ವಿಷಯ. ಮಾರ್ಚಿನಿಂದ ಮೇ ಮತ್ತು ಅಕ್ಟೋಬರ್, ನವೆಂಬರ್ ಒಳ್ಳೆಯ ತಿಂಗಳುಗಳು. ನಮ್ಮ ದಸರಾ ರಜೆಯಲ್ಲೇ ನೇಪಾಳದಲ್ಲಿ ದಶೈಂ ಹಬ್ಬ. ಹಮಾಲರಲ್ಲಿ ಅನೇಕರು ಆಗ ಊರಿಗೆ ಹೋಗಿರುತ್ತಾರೆ, ಬಸ್ಸು ವಿಮಾನಗಳು ತುಂಬಿರುತ್ತವೆ. ಆ ದಿನಗಳಲ್ಲಿ ಹೋಗುವವರು ಎಲ್ಲವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಮನೆಯವರಿಗೂ ಒಂದು ಮಾತು ಹೇಳಿ ಹೊರಡಿ. ಮೇಲೆ ಫೋನ್ ಎಲ್ಲ ಕಡೆ ಸಿಗುವುದಿಲ್ಲ. ಎರಡು ದಿನ ಸುದ್ದಿ ಬರದಿದ್ದರೆ ಕೆಟ್ಟದ್ದಾಗಿದೆ ಎಂದು ಅರ್ಥವಲ್ಲ.

ಅತಿಥಿಗಳಾಗಿ ನಡೆದುಕೊಳ್ಳುವುದು

ಇದು ಶೆರ್ಪಾ ಜನರ ನಾಡು. ದಾರಿಯಲ್ಲಿ ಮಂತ್ರಗಳನ್ನು ಕೆತ್ತಿದ ಕಲ್ಲುಗಳ ಮಣಿ ಗೋಡೆಗಳು ಸಿಗುತ್ತವೆ. ಅವು ನಮ್ಮ ಬಲಕ್ಕಿರುವಂತೆ, ನಾವು ಗುಡಿಗೆ ಪ್ರದಕ್ಷಿಣೆ ಹಾಕುವ ರೀತಿಯಲ್ಲೇ ದಾಟಬೇಕು. ವಯಸ್ಸಿನಲ್ಲಿ ದೊಡ್ಡವರನ್ನು "ದಾಯಿ" ಎಂದರೆ ಅಣ್ಣ, "ದಿದಿ" ಎಂದರೆ ಅಕ್ಕ. ಕ್ಯಾಮೆರಾ ಎತ್ತುವ ಮುಂಚೆ ಒಪ್ಪಿಗೆ ಕೇಳಿ. ಕ್ಯಾಮೆರಾ ಹಿಡಿದೇ ಬದುಕುವ ನಾವು ಇದನ್ನು ಎಷ್ಟು ಸಲ ಮರೆತಿದ್ದೇವೋ!

ನಿಮ್ಮ ಸಾಮಾನು ಹೊರುವ ಹಮಾಲರಲ್ಲಿ ಅನೇಕರು ತಗ್ಗಿನ ಹಳ್ಳಿಗಳಿಂದ ದುಡಿಯಲು ಬಂದವರು. ಅವರಿಗೂ ಎತ್ತರದ ಕಾಯಿಲೆ ಬರುತ್ತದೆ. ಆದರೆ ಹೇಳಿದರೆ ಅಂದಿನ ಕೂಲಿ ಹೋದೀತೆಂಬ ಭಯ ಅವರಿಗಿರುತ್ತದೆ. ನಿಮ್ಮ ಬೆಳಗಿನ ವಿಚಾರಣೆಯಲ್ಲಿ ಅವರನ್ನೂ ಸೇರಿಸಿಕೊಳ್ಳಿ. ಅವರಿಗೆ ಬೆಚ್ಚನೆಯ ಬಟ್ಟೆ, ಮಲಗಲು ಜಾಗ, ವಿಮೆ ಇದೆಯೇ ಎಂದು ಪ್ರವಾಸ ಏರ್ಪಡಿಸುವವರನ್ನು ಮೊದಲೇ ಕೇಳಿ. ಕಾಯಿಲೆಯಾಗಿ ಇಳಿದರೂ ಒಪ್ಪಿದ ಕೂಲಿಯನ್ನು ಪೂರ್ತಿ ಕೊಡುತ್ತೇವೆಂದು ಮುಂಚೆಯೇ ತಿಳಿಸಿಬಿಡಿ.

ಆ ಪ್ರಶ್ನೆಗೆ ಉತ್ತರ

ಹೇಳದೇ ಇದ್ದರೆ ಏನಾಗುತ್ತೆ ಎಂದು ಕೇಳಿದ ತಂಗಿಗೆ ಈಗ ನನ್ನ ಉತ್ತರ ಇದು.

ಹೇಳಿದವರನ್ನು ಕೂಡಲೇ ಕೆಳಗೆ ಕಳಿಸುವುದಿಲ್ಲ. ತಲೆನೋವು ಮಾತ್ರ ಇದ್ದರೆ ಅಲ್ಲೇ ನಿಲ್ಲಿಸುತ್ತಾರೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಸರಿಹೋಗಿ ಮುಂದೆ ನಡೆಯುತ್ತಾರೆ. ಖಾಲಿ ದಿನಗಳನ್ನು ಇಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ದಿನಗಳು ಕೈಯಲ್ಲಿದ್ದರೆ ನಿಜ ಹೇಳುವುದು ಸುಲಭ. ಹೇಳದೆ ಮುಚ್ಚಿಟ್ಟವರನ್ನೇ ಕೊನೆಗೆ ರಾತ್ರೋರಾತ್ರಿ ಕೆಳಗೆ ಇಳಿಸಬೇಕಾಗುತ್ತದೆ, ಜೊತೆಗೆ ಇನ್ನೊಬ್ಬರನ್ನೂ. ಕೆಲವೊಮ್ಮೆ ಇಳಿಸಲು ಸಮಯವೇ ಉಳಿದಿರುವುದಿಲ್ಲ.

ಅಪ್ಪ ಖರ್ಚು ಮಾಡಿದ ದುಡ್ಡಿನ ಬಗ್ಗೆ ನಿನಗಿರುವ ಕಾಳಜಿ ದೊಡ್ಡದು. ಆದರೆ ಹೊರಡುವ ಮುನ್ನ ಅವರನ್ನೇ ಒಮ್ಮೆ ಕೇಳಿನೋಡು. ಬೇಸ್ ಕ್ಯಾಂಪ್‌ನಲ್ಲಿ ತೆಗೆದ ಫೋಟೋ ಬೇಕೋ, ಮಗಳು ಬೇಕೋ ಎಂದು. ಉತ್ತರವನ್ನು ಚೀಲದಲ್ಲಿಟ್ಟುಕೊಂಡು ಹೋಗು.

ನೇಪಾಳದ ದಾರಿಯಲ್ಲಿ ನಿಮಗೆ ಪದೇಪದೇ ಕೇಳಿಬರುವ ಒಂದು ಪದವಿದೆ. "ಬಿಸ್ತಾರೈ, ಬಿಸ್ತಾರೈ." ನಿಧಾನ, ನಿಧಾನ ಎಂದರ್ಥ. ಅಂದು ನಮ್ಮ ಮಾರ್ಗದರ್ಶಿ ಈ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಅವನ ಮಾತನ್ನು ನಿಮಗೆ ತಲುಪಿಸಿದ್ದೇನೆ. ಹೋಗಿ, ಆ ಕಪ್ಪು ಗುಡ್ಡದ ಮೇಲೆ ನಿಂತು ಶಿಖರವನ್ನು ನೋಡಿ, ಎಲ್ಲರೂ ಒಟ್ಟಿಗೆ ಹಿಂದಿರುಗಿ ಬನ್ನಿ. ಬಂದ ಮೇಲೆ ನಮಗೆ ಬರೆಯಿರಿ. ಮುಂದಿನ ಮಾತುಕತೆಯಲ್ಲಿ ಅತಿಥಿಗಳ ಕುರ್ಚಿಯಲ್ಲಿ ನಿಮ್ಮನ್ನೇ ಕೂರಿಸೋಣ.